ಕತ್ತಲಲ್ಲಿ ಪದ್ಮಕ್ಕನ ಪಿಯಾನೊ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನಂತೂ ಕಿವಿಯಾರೆ ಕೇಳಿದ್ದನ್ನೇ ಹೇಳುತ್ತಿದ್ದೇನೆ.

ತೊಂಬತ್ತರ ದಶಕ. ನಾನಾಗ ಮೈಸೂರಿನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪಿಟೀಲು ನುಡಿಸುತ್ತಿದ್ದೆ. ಜೊತೆಗೆ ಪಿಯಾನೊ ನುಡಿಸುತ್ತಿದ್ದವರು ಪದ್ಮಕ್ಕ. ಪಾಂಡವಪುರದ ಹತ್ತಿರ ಕ್ಯಾತನಹಳ್ಳಿಯ ಒಕ್ಕಲು ಮನೆತನದವರು. ಮೈಸೂರಿನ ಹಾಸ್ಟೆಲಿನಲ್ಲಿ ಓದುವಾಗ ಕಾನ್ವೆಂಟಿನ ಸಿಸ್ಟರ್ ಒಬ್ಬರಿಂದ ಪಿಯಾನೊ ಕಲಿತರು. ಸ್ಕಾಲರ್‌ಶಿಪ್ ಸಿಕ್ಕಿ ಲಂಡನ್ನಿಗೆ ಹೋದರು. ಹನ್ನೆರಡು ವರ್ಷ ಯುರೋಪಿನ ಊರೂರು ಸುತ್ತಿ ನುಡಿಸಿದರು. ದೊಡ್ಡ ಸಭೆಯಲ್ಲಿ ಒಬ್ಬರೇ ಮೆರೆಯುವುದಕ್ಕಿಂತ, ಇಬ್ಬರೋ ಮೂವರೋ ಸಣ್ಣ ಕೋಣೆಯಲ್ಲಿ ಕೂತು ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸುವುದೇ ಅವರಿಗೆ ಇಷ್ಟ. ಊರಿಗೆ ಮರಳಿದ ಮೇಲೆ ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಹಳೇ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು ಒಬ್ಬರೇ ಇದ್ದರು.

ಅವರ ಅಣ್ಣ ನಂಜೇಗೌಡನಿಗೆ ಅದನ್ನು ಸಹಿಸಲಾಗಲಿಲ್ಲ. ಮದುವೆಯಾಗದ ತಂಗಿ, ಅವಳ ಮನೆಗೆ ಬಂದು ಹೋಗುವ ಗಂಡಸು ನಾನು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲೇ ನನ್ನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ್ದ.

"ಲೇ ಪಿಟೀಲು, ಇನ್ನೊಂದ್ಸಲ ಆ ಮನೆ ಕಡೆ ತಲೆ ಆಕುದ್ರೆ ತಲೆ ಒಡ್ದಾಕ್ಬುಡ್ತೀನಿ ಕಣ್ಲಾ. ಅವ್ಳ ಬೆರಳೂ ಉಳಿಸಾಕಿಲ್ಲ."

ಇದನ್ನು ಹೇಳಿದಾಗ ಪದ್ಮಕ್ಕ ನಕ್ಕರು. "ಅವ್ನು ಚಿಕ್ಕಂದಿನಿಂದ್ಲೂ ಅಂಗೇ ಕಣೋ ಮೋಹನ. ಹೊಡೀತಾನೆ, ಆಮೇಲೆ ಕೂತು ಅಳ್ತಾನೆ. ಭಾನುವಾರ ಕಛೇರಿ ಇದೆ. ಶುಕ್ರವಾರ ಸಂಜೆ ಅಭ್ಯಾಸಕ್ಕೆ ಬಾ."

ಶುಕ್ರವಾರ ಏಳೂವರೆಗೆ ಪರಿಚಯದ ರಫೀಕನ ಆಟೋದಲ್ಲಿ ಹೋಗಿ ಇಳಿದೆ. ಕರೆಂಟು ಹೋಗಿ ಇಡೀ ಬೀದಿ ಕತ್ತಲು. ರಫೀಕ್ ಗೇಟಿನ ಹತ್ತಿರವೇ ಬೀಡಿ ಹಚ್ಚಿಕೊಂಡು ನಿಂತ. ಬಂಗಲೆಯ ಬಾಗಿಲು ತೆರೆದೇ ಇತ್ತು. ಒಳಗೆ ಪಿಯಾನೊ ಮೊಳಗುತ್ತಿತ್ತು... ನಾವು ಭಾನುವಾರ ನುಡಿಸಬೇಕಿದ್ದ ಕೃತಿಯೇ.

"ಪದ್ಮಕ್ಕಾ, ಮೇಣದಬತ್ತಿ ಇಲ್ವಾ?"

ಪಿಯಾನೊ ನಿಲ್ಲಲಿಲ್ಲ. ನುಡಿಸುವಾಗ ಅವರು ಮಾತಾಡುವವರಲ್ಲ. ತಡಕಾಡಿ ಪೆಟ್ಟಿಗೆ ತೆರೆದು, ಪಿಟೀಲು ಭುಜಕ್ಕಿಟ್ಟು, ಸರಿಯಾದ ಜಾಗದಲ್ಲಿ ಸೇರಿಕೊಂಡೆ.

ಮೊದಲ ನಿಮಿಷದಲ್ಲೇ ಏನೋ ಸರಿಯಿಲ್ಲ ಅನ್ನಿಸಿತು. ಅದು ಅಭ್ಯಾಸದಂತಿರಲಿಲ್ಲ, ಯಾರನ್ನೋ ನೆಲಕ್ಕೆ ಕೆಡವಿ ಗುದ್ದುತ್ತಿರುವಂತಿತ್ತು. ಒಂದೊಂದು ಏಟಿಗೂ ಕಿಟಕಿಯ ಗಾಜು ನಡುಗುತ್ತಿತ್ತು. ಕೋಣೆಯಲ್ಲಿ ಹಸಿ ರಕ್ತದ ವಾಸನೆ... ನಿಲ್ಲಿಸೋಣವೆಂದರೆ ನನ್ನ ಕೈ ಮಾತು ಕೇಳಲಿಲ್ಲ. ವೇಗ ಏರಿತು, ಮತ್ತೂ ಏರಿತು. ನನ್ನ ತಂತಿ ಕಡಿದು ಕೆನ್ನೆಯನ್ನು ಸೀಳಿತು. ಬಿಸಿ ರಕ್ತ ಕುತ್ತಿಗೆಗಿಳಿದರೂ ಕಮಾನು ಎಳೆಯುತ್ತಲೇ ಇದ್ದೆ.

ಆಗ ಕತ್ತಲಲ್ಲಿ ಯಾರೋ ನನ್ನನ್ನು ಹಾದುಹೋದರು. ಬೆವರಿನ, ಸಾರಾಯಿಯ ನಾತ. ಏನೋ ದಪ್ಪನೆಯದು ನೆಲಕ್ಕೆ ಬಿದ್ದು ಉರುಳಿತು.

ಪಿಯಾನೊ ಮುಚ್ಚಳ ಧಡಾರನೆ ಬಡಿಯಿತು. ಒಬ್ಬ ಗಂಡಸು ಚೀರಿದ.

ರಫೀಕ್ ಟಾರ್ಚು ಹಿಡಿದು ಓಡಿಬಂದ. "ಯಾ ಅಲ್ಲಾ... ಸಾರ್, ಯಾರಿದು?"

ನಂಜೇಗೌಡ ಮಂಡಿಯೂರಿ ಕೂತಿದ್ದ. ಅವನ ಎರಡೂ ಕೈಯ ಬೆರಳುಗಳು ಮುಚ್ಚಳದಡಿ ಸಿಕ್ಕಿಕೊಂಡಿದ್ದವು. ಪಕ್ಕದಲ್ಲಿ ದೊಣ್ಣೆ. ಆಸನದ ಮೇಲೆ ಯಾರೂ ಇರಲಿಲ್ಲ. ಮುಚ್ಚಳವನ್ನು ಇಬ್ಬರೂ ಸೇರಿ ಎತ್ತಲು ತಿಣುಕಾಡಬೇಕಾಯಿತು. ಕೆಳಗೆ ಬಿಳಿ ಕೀಗಳ ಮೇಲೆಲ್ಲ ರಕ್ತ. ಒಂದಷ್ಟು ಹಸಿ. ಒಂದಷ್ಟು ಆಗಲೇ ಒಣಗಿ ಕಪ್ಪಾಗಿತ್ತು.

"ಪದ್ಮಕ್ಕ ಎಲ್ಲಿ?" ನಾನು ಅವನ ಅಂಗಿ ಹಿಡಿದು ಅಲುಗಾಡಿಸಿದೆ.

"ಹಿಂದ್ಗಡೆ... ಸೌದೆ ಕೋಣೇಲಿ. ಮಧ್ಯಾನ್ವೇ ಇಲ್ಲೇ ಕೂರ್ಸಿ ಬೆರಳು ಜಜ್ಜಿ, ಅಲ್ಲಿ ಕೂಡಾಕಿದ್ದೆ. ನಿಂಗೋಸ್ಕರ ಇಲ್ಲಿ ಕಾಯ್ತಾ ಕುಂತಿದ್ದೆ." ಅವನ ಹಲ್ಲು ಕಟಕಟ ಅನ್ನುತ್ತಿತ್ತು. "ನೀ ಬರಾಕ್ ಮುಂಚೇನೇ ಶುರುವಾಯ್ತು ಕಣ್ಲಾ. ಅವ್ಳೇ ತಪ್ಪಿಸ್ಕಂಡು ಬಂದವ್ಳೆ ಅಂತ ಕೊನೇಗೆ ಹೋಗಿ ಕೈ ಇಡ್ಕಂಡೆ. ಎಲ್ಡು ಕೈ ಸಿಕ್ದೋ... ಮಣಿಕಟ್ಟಿಂದಾಚೆಗೆ ಏನೂ ಇರ್ನಿಲ್ಲ. ಏನೂ ಇರ್ನಿಲ್ಲ ಕಣ್ಲಾ!"

ಸೌದೆ ಕೋಣೆಯ ಅಗುಳಿ ಹೊರಗಿನಿಂದ ಹಾಕಿತ್ತು. ಪದ್ಮಕ್ಕ ಸೌದೆಯ ಮೇಲೆ ಪ್ರಜ್ಞೆಯಿಲ್ಲದೆ ಬಿದ್ದಿದ್ದರು. ಅವರ ಕೈಗಳನ್ನು ನೋಡಿ ರಫೀಕ್ ಟಾರ್ಚನ್ನು ಪಕ್ಕಕ್ಕೆ ತಿರುಗಿಸಿಬಿಟ್ಟ. ಆಟೋದಲ್ಲೇ ಮೈಸೂರಿಗೆ ಸಾಗಿಸಿದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು.

ಅವರು ಬದುಕಿದರು. ಬೆರಳುಗಳನ್ನು ಮಾತ್ರ ಮತ್ತೆ ಮಡಚಲಾಗಲಿಲ್ಲ. ನಂಜೇಗೌಡ ಜೈಲಿಗೆ ಹೋದ. ಅಲ್ಲಿಯೂ ರಾತ್ರಿ ಹೊತ್ತು ಯಾರಾದರೂ ಕೈ ಮುಟ್ಟಿದರೆ ಕಿರುಚುತ್ತಿದ್ದನಂತೆ. ಪದ್ಮಕ್ಕ ಮೈಸೂರಿನಲ್ಲಿ ಮಕ್ಕಳಿಗೆ ಪಾಠ ಹೇಳತೊಡಗಿದರು, ಬಾಯಿಮಾತಲ್ಲೇ.

ಎರಡು ವರ್ಷದ ಮೇಲೆ ಒಂದು ದಿನ ಕಾಫಿ ಕುಡಿಯುತ್ತಾ ಇದ್ದಕ್ಕಿದ್ದಂತೆ ಕೇಳಿದರು.

"ಅವತ್ತು ನಿನ್ ಜೊತೆ ನುಡಿಸ್ತಲ್ಲ ಮೋಹನ... ಅದು ಚೆನ್ನಾಗಿ ನುಡಿಸ್ತಾ?"

"ನಿಮ್ಮಷ್ಟು ಚೆನ್ನಾಗಿರ್ಲಿಲ್ಲ ಪದ್ಮಕ್ಕ," ಅಂದೆ.

ಸುಳ್ಳು. ಅಂಥ ಪಿಯಾನೊವನ್ನು ನಾನು ಅದುವರೆಗೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಈಗಲೂ ಕರೆಂಟು ಹೋದಾಗ ಕೈ ತಾನಾಗಿ ಪಿಟೀಲಿನ ಪೆಟ್ಟಿಗೆಯ ಕಡೆಗೆ ಹೋಗುತ್ತದೆ. ಇನ್ನೊಮ್ಮೆ, ಒಂದೇ ಒಂದು ಸಲ ಅದರ ಜೊತೆ ನುಡಿಸಬೇಕು ಅನ್ನಿಸುತ್ತದೆ... ನನಗೆ ಭಯ ಇರುವುದು ಆ ಆಸೆಗೇ.