ಶುಕ್ರವಾರದ ಕಾಲೇಜಿನ ಟೈಮ್ ಕೀಪರ್

ವಾಮನ ಅಂಕಲ್ ನಮ್ಮ ಮನೆಯೊಳಗೆ ಕಾಲಿಟ್ಟು ಮೊದಲು ಮಾಡುತ್ತಿದ್ದ ಕೆಲಸ ಎಸಿ ಆರಿಸುವುದು. ಅದೂ ಜೂನ್ ತಿಂಗಳಲ್ಲಿ, ದೋಹಾದಲ್ಲಿ. "ಕಾಲೇಜಲ್ಲಿ ಎಸಿ ಉಂಟಾ? ಈಗಲೇ ಅಭ್ಯಾಸ ಆಗ್ಲಿ" ಎಂದು ಫ್ಯಾನ್ ಹಾಕಿ, ಟೈ ಸರಿಮಾಡಿಕೊಂಡು, ಬೆವರುತ್ತಾ ಕೂರುತ್ತಿದ್ದರು. ಅಪ್ಪ ಮಾತ್ರ ಬುದ್ಧಿವಂತರು. ಎಸಿ ಓಡುತ್ತಿದ್ದ ಬೆಡ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಅಲ್ ಅಜೀಜಿಯಾದ ನಮ್ಮ ಫ್ಲ್ಯಾಟಿನ ಹಾಲ್ ಪ್ರತಿ ಶುಕ್ರವಾರ ಬೆಳಿಗ್ಗೆ ಹೀಗೆ ಕಾಲೇಜಾಗುತ್ತಿತ್ತು. ವಿದ್ಯಾರ್ಥಿಗಳು ಮೂವರು: ನಾನು, ಬಾಯಿ ಬಿಡದ ಜೋಸ್ಲಿನ್, ಬಾಯಿ ಮುಚ್ಚದ ಅಶ್ರಫ್. ಮೂವರೂ ಇಂಡಿಯನ್ ಶಾಲೆಯ ಹನ್ನೊಂದನೇ ಕ್ಲಾಸು. ಶಾಲೆ ಮುಗಿಯುವ ಮೊದಲೇ ಊರಿನ ಒಂದು ವಿಶ್ವವಿದ್ಯಾಲಯದಿಂದ ಅಂಚೆಯಲ್ಲಿ ಬಿ.ಎ. ಮೊದಲ ವರ್ಷ ಮುಗಿಸಿಬಿಡುವುದು, ಊರಿಗೆ ಹೋದ ಮೇಲೆ ನೇರ ಎರಡನೇ ವರ್ಷಕ್ಕೆ ಸೇರುವುದು. ಇದು ಅಂಕಲರ ಯೋಜನೆ. ಅರ್ಜಿಯಲ್ಲಿ ಪ್ಲಸ್ ಟು ಅಂಕಪಟ್ಟಿಯ ಜಾಗದಲ್ಲಿ 'ನಂತರ ಕಳಿಸಲಾಗುವುದು' ಎಂದು ತಾವೇ ದುಂಡಗೆ ಬರೆದರು. ಅಲ್ಲಿನ ಯಾವನೋ ಗುಮಾಸ್ತ ಅದನ್ನು ಓದದೆಯೇ ಪಾಠಪುಸ್ತಕಗಳನ್ನು ಕಳಿಸಿಬಿಟ್ಟ.

ಪಾಠ ಮಾಡಲು ಅವರಿಗಿದ್ದ ಅರ್ಹತೆ? ಉಡುಪಿಯಲ್ಲಿ ಒಂದೇ ಒಂದು ವರ್ಷ ಕಾಲೇಜು ಕಂಡಿದ್ದರು. ಅಷ್ಟೆ. ಕಟ್ಟಡ ಕಂಪೆನಿಯೊಂದರಲ್ಲಿ ಟೈಮ್ ಕೀಪರ್. ಬೆಳಿಗ್ಗೆ ಸೈಟಿನ ಗೇಟಿನಲ್ಲಿ ನಿಂತು ಕೆಲಸಗಾರರ ಹಾಜರಿ ಹಾಕುವುದು, ಸಂಜೆ ಅದೇ ಗೇಟಿನಲ್ಲಿ ಅವರು ಹೊರಟ ಹೊತ್ತು ಬರೆಯುವುದು. ಆ ಮನುಷ್ಯನಿಗೆ ಜ್ಞಾನವೆಂದರೂ ಗೇಟೇ. ಪಾಠವನ್ನು ಪುಸ್ತಕದಿಂದ ಎರಡು ಸಲ ಗಟ್ಟಿಯಾಗಿ ಓದುತ್ತಿದ್ದರು. "ಅರ್ಥ ಆಯ್ತಾ? ಆಗದಿದ್ರೂ ಅಡ್ಡಿಯಿಲ್ಲ, ಬಂದಿದ್ದೀರಲ್ಲ" ಎನ್ನುತ್ತಿದ್ದರು. ಆಮೇಲೆ ಕಂಪೆನಿಯ ಉದ್ದನೆಯ ಹಸಿರು ರಿಜಿಸ್ಟರ್ ತೆಗೆದು ನಮ್ಮ ಹೆಸರುಗಳ ಎದುರು 'ಪಿ' ಹಾಕುತ್ತಿದ್ದರು. ಅಶ್ರಫ್ ಜುಮಾ ನಮಾಜಿಗೆ ಎದ್ದರೆ ಅದಕ್ಕೂ ಟಿಪ್ಪಣಿ: 'ಔಟ್, ಹನ್ನೊಂದು ಐದು'.

ಅಂಚೆಯ ಕೋರ್ಸಿಗೆ ಹಾಜರಿ ಎಂಬುದೇ ಇಲ್ಲ. ಇದನ್ನು ನಾನು ಹೇಳಿದೆ. ಶಾಲೆಯ ಡಿಬೇಟ್ ತಂಡದವಳು ನಾನು. ಸುಮ್ಮನಿರುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಅಂಕಲ್ ಕನ್ನಡಕದ ಮೇಲಿನಿಂದ ನೋಡಿ, "ವಕೀಲರೇ, ಹಾಜರಿ ಇದ್ದವನಿಗೆ ಇಲ್ಲ ಹೇಳ್ಲಿಕ್ಕೆ ಯಾರಿಗೂ ಆಗುದಿಲ್ಲ. ಇಪ್ಪತ್ತು ವರ್ಷದಿಂದ ನೋಡ್ತಾ ಇದ್ದೇನೆ" ಎಂದರು. ಸೈಟಿನ ಕಾಯಿದೆಯನ್ನು ಇಡೀ ಪ್ರಪಂಚಕ್ಕೆ ಹಚ್ಚುವ ಈ ತರ್ಕಕ್ಕೆ ಡಿಬೇಟಿನಲ್ಲಿ ಸೊನ್ನೆ ಸಿಗುತ್ತದೆ. ನಮ್ಮ ಹಾಲ್‌ನಲ್ಲಿ ಅದಕ್ಕೆ ಅಮ್ಮನಿಂದ ಚಹಾ ಸಿಗುತ್ತಿತ್ತು.

ಒಂದು ಶುಕ್ರವಾರ ಮರಳುಗಾಳಿ ಎದ್ದು ಎದುರಿನ ಕಟ್ಟಡವೂ ಕಾಣದಂತಾಯಿತು. ಅಶ್ರಫ್, ಜೋಸ್ಲಿನ್ ಬರಲಿಲ್ಲ. ನಾನು ತಲೆನೋವೆಂದು ಮಲಗಿದೆ. ಅಂಕಲ್ ಕಂಪೆನಿಯ ಕೆಲಸಗಾರರ ಕ್ಯಾಂಪಿನಿಂದ ಯಾವುದೋ ಪಿಕಪ್ಪಿನಲ್ಲಿ ಬಂದಿಳಿದರು. ರೆಪ್ಪೆಯ ಮೇಲೆಲ್ಲ ಮರಳು, ಕುತ್ತಿಗೆಯಲ್ಲಿ ಟೈ. ಖಾಲಿ ಹಾಲ್‌ನಲ್ಲಿ ಎಸಿ ಆರಿಸಿ, ಪಾಠವನ್ನು ಎರಡು ಸಲ ಓದಿ ಹೋದರಂತೆ. ಮುಂದಿನ ವಾರ ನೋಡಿದರೆ ನಮ್ಮ ಮೂವರಿಗೂ 'ಎ'. ಗಾಳಿಗೆ ರಜೆ ಇಲ್ಲವೇ ಎಂದು ವಾದಿಸಿದೆ. "ಸೈಟಲ್ಲಿ ಗಾಳಿ ಬಂದ್ರೆ ಗಾಳಿಯೂ ಪ್ರೆಸೆಂಟ್, ಜನವೂ ಪ್ರೆಸೆಂಟ್" ಎಂದರು. "ಹಾಗಾದ್ರೆ ಕಾಲೇಜಿನ ಮಳೆಯನ್ನೂ ತರಿಸಿ ಸರ್, ಅದೂ ಅಭ್ಯಾಸ ಆಗ್ಲಿ" ಎಂದ ಅಶ್ರಫ್. ಅಂಕಲ್ ನಕ್ಕರು. 'ಎ' ಮಾತ್ರ ಅಳಿಸಲಿಲ್ಲ.

ನಾನೇಕೆ ಹೋಗಿ ಕೂರುತ್ತಿದ್ದೆ ಎಂದು ನೀವು ಕೇಳಬೇಕು. ಕೇಳದಿದ್ದರೆ ನನ್ನ ವಾದದ ಬಿರುಕನ್ನು ನಾನೇ ತೋರಿಸುತ್ತೇನೆ. ಹುಡುಗಿಯನ್ನು ಹಾಸ್ಟೆಲಿಗೆ ಹಾಕುವುದಿಲ್ಲ ಎಂದು ಅಪ್ಪ ಖಡಾಖಂಡಿತ ಹೇಳಿದ್ದರು. ಮಂಗಳೂರಿನಲ್ಲಿ ನನಗಿದ್ದದ್ದು ಚಿಕ್ಕಮ್ಮನ ಮನೆ ಒಂದೇ. ಕೊಲ್ಲಿಯಲ್ಲಿದ್ದ ಚಿಕ್ಕಪ್ಪನಿಗೆ ಇನ್ನು ನಾಲ್ಕು ವರ್ಷಕ್ಕೆ ಫ್ಯಾಮಿಲಿ ವೀಸಾ ಸಿಗುವುದಿತ್ತು. ನನ್ನ ಶಾಲೆ ಮುಗಿದು ಎರಡು ವರ್ಷಕ್ಕೆ ಚಿಕ್ಕಮ್ಮನೂ ಮನೆ ಬೀಗ ಹಾಕಿ ಕೊಲ್ಲಿಗೆ ಹೊರಡುವವರು. ಮನೆ ಎರಡು ವರ್ಷ, ಡಿಗ್ರಿ ಮೂರು ವರ್ಷ. ಆ ಒಂದು ವರ್ಷವನ್ನು ತುಂಬಿಕೊಡುತ್ತೇನೆಂದು ಮುಂದೆ ಬಂದ ಏಕೈಕ ಪ್ರಾಣಿ ಈ ಟೈಮ್ ಕೀಪರ್.

ಹಾಗೆಂದು ಕಣ್ಣು ಮುಚ್ಚಿ ನಂಬಿದವಳಲ್ಲ. ಪ್ರಾಸ್ಪೆಕ್ಟಸಿನ ಕೊನೆಯ ಪುಟದ ಸಣ್ಣ ಅಕ್ಷರಗಳನ್ನು ಅಪ್ಪನ ಎದುರೇ ಎದ್ದು ನಿಂತು ಓದಿದೆ: ಪ್ಲಸ್ ಟು ಪಾಸಾದ ಮೇಲೆ ಬರೆದ ಪರೀಕ್ಷೆ ಮಾತ್ರ ಲೆಕ್ಕಕ್ಕೆ. ಅಂಕಲ್, "ಅದು ಕ್ಲಾಸಿಗೆ ಬಾರದವರಿಗೆ ಬರೆದದ್ದು ಮಾರಾಯ್ತಿ. ನಮ್ಮದು ಹಾಜರಿ ಉಂಟು. ನಾನು ಮಾತಾಡ್ತೇನೆ" ಎಂದರು. ಅಪ್ಪ ಅಂಕಲರ ಮಾತಿಗೆ ಹೂಂ ಎಂದು ತಲೆಯಾಡಿಸಿದರು. ವಾದವನ್ನೇ ಮಾಡದ ಮನುಷ್ಯನ ಎದುರು ನಾನು ಸೋತ ಒಂದೇ ಡಿಬೇಟ್ ಅದು. ಸೋತು, ಗೊತ್ತಿದ್ದೂ, ಬೆವರುತ್ತಾ ಕೂತೆ. ರಜೆಯಲ್ಲಿ ಊರಿಗೆ ಹೋಗಿ ಬಿ.ಎ. ಮೊದಲ ವರ್ಷದ ಪರೀಕ್ಷೆ ಬರೆದು ಪಾಸೂ ಆದೆ.

ಹನ್ನೆರಡನೇ ಕ್ಲಾಸು ಮುಗಿಸಿ ಮಂಗಳೂರಿನ ಕಾಲೇಜಿಗೆ ಹೋದ ದಿನ ಅಂಕಲ್ ತಮ್ಮ ಒಂದು ತಿಂಗಳ ರಜೆಯಲ್ಲಿ ಊರಲ್ಲಿದ್ದರು. ತಮ್ಮೂರು ಕಾಪುವಿನಿಂದ ಬಸ್ಸಿನಲ್ಲಿ ಬಂದರು. ಕೈಯಲ್ಲಿ ಡ್ಯೂಟಿ ಫ್ರೀ ಚೀಲ, ಅದರೊಳಗೆ ಹಸಿರು ರಿಜಿಸ್ಟರ್. ನಾನು ಐದು ನಿಮಿಷದ ವಾದ ಸಿದ್ಧಮಾಡಿಕೊಂಡಿದ್ದೆ. ಪ್ರಿನ್ಸಿಪಾಲರು ನನ್ನ ಅಂಕಪಟ್ಟಿಗಳ ದಿನಾಂಕ ಮಾತ್ರ ನೋಡಿದರು.

"ಪ್ಲಸ್ ಟುವಿಗೆ ಮೊದಲೇ ಡಿಗ್ರಿ ಹೇಗಾಗ್ತದೆ? ಇದು ನಡೆಯುದಿಲ್ಲ. ಮೊದಲ ವರ್ಷಕ್ಕೇ ಸೇರ್ಬೇಕು."

ಅಂಕಲ್ ರಿಜಿಸ್ಟರ್ ಬಿಡಿಸಿ ಮೇಜಿನ ಮೇಲಿಟ್ಟರು. "ಒಂದೂವರೆ ವರ್ಷದ ಹಾಜರಿ ಸರ್. ಈ ಹುಡುಗಿ ತಪ್ಪಿಸಿದ್ದು ಒಂದೇ ದಿನ."

"ನೀವು ಯಾರು ಇವಳಿಗೆ?"

ನಮ್ಮಿಂದ 'ಸರ್' ಅನ್ನಿಸಿಕೊಳ್ಳುತ್ತಿದ್ದ ಮನುಷ್ಯ ಟೈ ಮುಟ್ಟಿಕೊಂಡರು. "ಟೈಮ್ ಕೀಪರ್" ಎಂದರು.

ಪ್ರಿನ್ಸಿಪಾಲರು ಪುಸ್ತಕವನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದರು. ಎರಡು ವರ್ಷದ ಹಿಂದೆ ನಾನು ಮಾಡಿದ್ದ ವಾದ ಕೊನೆಗೂ ಗೆದ್ದಿತ್ತು. ಕಳೆದುಕೊಂಡವಳೂ ನಾನೇ.

ಹೊರಗೆ ಮೆಟ್ಟಿಲ ಮೇಲೆ ಅವರು ಪೆನ್ನು ತೆಗೆದರು. "ಇವತ್ತಿನದ್ದು ಹಾಕ್ಲಿಲ್ಲ." ನನಗೆ ಸಿಟ್ಟು ನೆತ್ತಿಗೇರಿತು. ಇದರಿಂದ ಯಾರಿಗೆ ಏನು ಪ್ರಯೋಜನ ಎಂದು ಮುಖಕ್ಕೆ ಹೊಡೆದಂತೆ ಕೇಳಿದೆ.

"ಅದು ನಂಗೆ ಗೊತ್ತಿಲ್ಲ. ನೀನು ಬಂದದ್ದು ಹೌದಲ್ಲ?" ಎಂದು 'ಪಿ' ಹಾಕಿ, ಕಾಪುವಿನ ಬಸ್ಸು ಹತ್ತಿದರು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಮೊದಲ ವರ್ಷಕ್ಕೇ ಸೇರಿ ಎರಡು ವರ್ಷ ಆ ಕಾಲೇಜಿನಲ್ಲಿ ಓದಿದೆ. ಚಿಕ್ಕಮ್ಮ ಬೀಗ ಹಾಕಿದರು. ಮೂರನೇ ವರ್ಷವನ್ನು ಅದೇ ವಿಶ್ವವಿದ್ಯಾಲಯದ ಅಂಚೆಯ ಪುಸ್ತಕಗಳಲ್ಲಿ, ಅಜೀಜಿಯಾದ ಅದೇ ಹಾಲ್‌ನಲ್ಲಿ ಒಬ್ಬಳೇ ಓದಿದೆ. ಈ ಸಲ ಅದು ಲೆಕ್ಕಕ್ಕೆ ಬಂತು. ಅಷ್ಟರಲ್ಲಿ ಅಂಕಲರ ಕಂಪೆನಿ ಕೆಲಸ ಖಲಾಸ್ ಎಂದು ಅವರನ್ನು ಊರಿಗೆ ಕಳಿಸಿತ್ತು. ಪ್ರತಿ ಶುಕ್ರವಾರ ಎಸಿ ಹಾಕಿಕೊಂಡೇ ಕೂರುತ್ತಿದ್ದೆ. ನಾನು ಅಷ್ಟು ಪೆದ್ದಿಯಲ್ಲ. ಆದರೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ದಿನಾಂಕ ಬರೆದು ಎದುರಿಗೆ 'ಪಿ' ಹಾಕುವುದು ಯಾವಾಗ ಶುರುವಾಯಿತೋ ತಿಳಿಯದು. ಒಂದು ವಾರ ಓದದೆ ಮಲಗಿದ್ದೆ. ನೋಡುವವರು ಯಾರೂ ಇರಲಿಲ್ಲ. ಎದ್ದು ಹೋಗಿ 'ಎ' ಹಾಕಿ ಬಂದೆ.