ಪಾದ್ರಿಗಳು ಕಟ್ಟಿದ ಸ್ಕೂಲು ಮತ್ತು ನಮ್ಮ ಮಗಳು

ಕಳೆದ ವಾರವಿಡೀ ನಮ್ಮ ಮನೆಯಲ್ಲಿ ಒಬ್ಬ ಇಂಗ್ಲಿಷ್ ಪಾದ್ರಿಯದೇ ಮಾತು. ಅವರು ತೀರಿಕೊಂಡು ನೂರು ವರ್ಷ ದಾಟಿರಬೇಕು. ಮೆಲ್ಬರ್ನಿನ ಒಂದು ಹಳೇ ಗ್ರಾಮರ್ ಸ್ಕೂಲಿನ, ಅಂದರೆ ದುಬಾರಿ ಖಾಸಗಿ ಶಾಲೆಯ, ಸ್ಥಾಪಕರು. ಅಲ್ಲಿ ನಮ್ಮ ಮಗಳು ಅನಘಾಗೆ ಸೀಟಿನ ಇಂಟರ್‌ವ್ಯೂ ಇತ್ತು.

ಸಿಡ್ನಿಯ ಟೂಂಗಾಬಿಯಿಂದ ಹೆಂಡತಿಯ ಅಕ್ಕ ಫೋನಿನಲ್ಲೇ ತೀರ್ಪು ಕೊಟ್ಟರು: “ಸಾಲಿ ಹಿಸ್ಟರಿ ಕೇಳೇ ಕೇಳ್ತಾರ. ಬಾಯಿಪಾಠ ಮಾಡಸು.”

(ಅವರ ಮಗ ಯಾವ ಇಂಟರ್‌ವ್ಯೂಗೂ ಹೋದವನಲ್ಲ. ಸಲಹೆ ಕೊಡಲು ಅದೇನೂ ಅಡ್ಡಿಯಲ್ಲ.)

ಸರಿ, ಹುಬ್ಬಳ್ಳಿಯವಳಾದ ನನ್ನ ಹೆಂಡತಿ ವಿದ್ಯಾ ಪಾಠ ಶುರು ಮಾಡಿದಳು. ಪಾದ್ರಿ ಹಡಗು ಹತ್ತಿ ಬಂದರು. ಇಂಗ್ಲೆಂಡಿನ ಶಾಲೆಗಳ ಅಚ್ಚಿನಲ್ಲೇ ಇಲ್ಲೊಂದು ಕಟ್ಟಿದರು. ಹುಡುಗರು ಲ್ಯಾಟಿನ್ ಕಲಿತರು, ಬೆತ್ತದೇಟು ತಿಂದರು. ಬೆತ್ತದೇಟು ನನಗೆ ಧಾರವಾಡದ ಸರಕಾರಿ ಶಾಲೆಯಲ್ಲಿ ಪುಕ್ಕಟೆ ಸಿಕ್ಕಿತ್ತು. ಇಲ್ಲಿ ಅದರ ಹೆಸರು ಹೆರಿಟೇಜ್, ಮೇಲೆ ಫೀಸು ಬೇರೆ.

“ಎರಡನೇ ಹೆಡ್‌ಮಾಸ್ಟರ್ ಯಾರು?” ಚಪಾತಿ ಲಟ್ಟಿಸುತ್ತಲೇ ವಿದ್ಯಾ ಕೇಳುತ್ತಿದ್ದಳು. ಮಗಳು ಇಂಗ್ಲಿಷಿನಲ್ಲಿ ಒಪ್ಪಿಸುತ್ತಿದ್ದಳು. (ನನ್ನ ಅಪ್ಪನ ಪೂರ್ತಿ ಹೆಸರು ಅವಳಿಗೆ ಗೊತ್ತಿಲ್ಲ. ಅದು ಸಿಲಬಸ್ಸಿನಲ್ಲಿಲ್ಲ.)

ಹಾಗೆ ನೋಡಿದರೆ ನಾವು ಇದೇ ಊರಿನ ಗ್ಲೆನ್ ವೇವರ್ಲಿ ಬಡಾವಣೆಯಲ್ಲಿ ಮನೆ ಕೊಂಡು ಮಾರ್ಟ್‌ಗೇಜ್ ಹೊತ್ತದ್ದೇ ಅಲ್ಲಿನ ಸರಕಾರಿ ಸ್ಕೂಲು ಚೆನ್ನಾಗಿದೆ ಅಂತ. ನಡೆದು ಹೋಗುವಷ್ಟು ಹತ್ತಿರ. ಅವಳ ಗೆಳತಿಯರೆಲ್ಲ ಸೇರುತ್ತಿರುವುದು ಅಲ್ಲಿಗೇ. ಏನು ಮಾಡೋಣ, ಅದಕ್ಕೊಬ್ಬ ಪಾದ್ರಿಯಿಲ್ಲವಲ್ಲ?

ಇಂಟರ್‌ವ್ಯೂ ದಿನ ಪ್ರಿನ್ಸಿಪಾಲಮ್ಮ ಬಿಸ್ಕತ್ತು ಕೊಟ್ಟು, ರಜೆಯಲ್ಲಿ ಏನು ಮಾಡಿದೆ ಎಂದು ಕೇಳಿದರು. ಅನಘಾ ಉಸಿರೆಳೆದುಕೊಂಡು ಶುರುವಿಟ್ಟಳು. ಪಾದ್ರಿ, ಹಡಗು, ಸ್ಕೂಲಿನ ಚರ್ಚಿಗೆ ಬಿದ್ದ ಬೆಂಕಿ, ಎಲ್ಲ ಹೆಡ್‌ಮಾಸ್ಟರುಗಳು, ಸಾಲಾಗಿ. ವಿದ್ಯಾಳ ಮುಖ ಊರಗಲ.

“ಇಷ್ಟೆಲ್ಲ ನನಗೂ ಗೊತ್ತಿರಲಿಲ್ಲ,” ಎಂದು ಪ್ರಿನ್ಸಿಪಾಲಮ್ಮ ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು: “ನಿನಗೆ ಈ ಸ್ಕೂಲಿಗೆ ಬರೋಕೆ ಇಷ್ಟವಾ?”

ಮಗಳು ನಮ್ಮ ಕಡೆ ತಿರುಗಿದಳು. ನಾವು ನೆಲ ನೋಡಿದೆವು.

“ಮಮ್ ಡಿಡಂಟ್ ಟೀಚ್ ಮಿ ದಟ್ ಒನ್,” ಅಂದಳು.

ಪ್ರಿನ್ಸಿಪಾಲಮ್ಮನ ನಗು ನಿಂತಿತು.

ವಾಪಸು ಬರುವಾಗ ಟ್ರೇನಿನಲ್ಲಿ ವಿದ್ಯಾ ಸುಮ್ಮನಿದ್ದಳೇ? “ಹಂಗ್ ಕೇಳಿದ್ರ ‘ಯೆಸ್, ವೆರಿ ಮಚ್’ ಅನಬೇಕು. ನೆನಪಿಟ್ಕೋ. ಮುಂದಿನ ವಾರ ಇನ್ನೊಂದು ಸಾಲಿ ಐತಿ.”

“ಯೆಸ್, ವೆರಿ ಮಚ್,” ಕಿಟಕಿಯಾಚೆ ನೋಡುತ್ತ ಮಗಳು ಒಪ್ಪಿಸಿದಳು.

ಅಲ್ಲ, ಇಷ್ಟವಾ ಎಂದು ನಾವೇ ಒಂದು ಮಾತು ಕೇಳಿದ್ದರೆ ನಮ್ಮ ಗಂಟೇನು ಹೋಗುತ್ತಿತ್ತು?