ಟವೆಲ್ಲಿನಡಿ ಮಾರಿದ ಪದ

ಅಂಬಿಕ ವೆಂಕಟರತ್ನಮ್ಮನವರನ್ನು ಮೊದಲು ಕಂಡದ್ದು ಒಂದು ಸೋಮವಾರ ಬೆಳಗ್ಗೆ, ಬಂಗಾರಪೇಟೆಯ ವಕೀಲರೊಬ್ಬರ ಕಚೇರಿಯಲ್ಲಿ. ಅಂಬಿಕ ಅಲ್ಲಿ ಜೂನಿಯರ್ ಆಗಿ ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ. ಬಾಗಿಲಲ್ಲಿ ಹಸಿರು ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಡೈರಿಗೆ ಹಾಲು ಹಾಕಿ ಬಂದ ಖಾಲಿ ಕ್ಯಾನು. ಕ್ಯಾನನ್ನು ಫೈಲುಗಳ ಮೇಲಿಟ್ಟು, ಕುರ್ಚಿ ಬಿಟ್ಟು ನೆಲದ ಮೇಲೆ ಕೂತು ಅವರು ಕೇಳಿದರು:

“ಲಾಯರಮ್ಮ, ಮಾರಿದ ಅಸೂನ ಒಂದೇ ಒಂದು ದಿನಕ್ಕೆ ವಾಪಸ್ ತರೋಕೆ ಕಾನೂನೈತಾ?”

“ಯಾವ ಹಸು ಅಜ್ಜಿ?”

“ಅಸು ಅಲ್ಲ ಕಣಮ್ಮ. ಪದ.”

ಬೂದಿಕೋಟೆ ಕಡೆಯ ಮದುವೆಗಳಲ್ಲಿ ಬೀಗರನ್ನು ಪದ ಹೇಳಿ ಹಂಗಿಸುವುದು ರೂಢಿ. ಅದರಲ್ಲಿ ವೆಂಕಟರತ್ನಮ್ಮನವರನ್ನು ಮೀರಿಸುವವರಿರಲಿಲ್ಲ. ‘ಬೀಗಪ್ಪನ ಹೊಟ್ಟೆ ಮೊದಲು ಬಂತು, ಬೀಗಪ್ಪ ಆಮೇಲೆ ಬಂದ’ ಎಂಬ ಪದವನ್ನು ಹಾಲು ಕರೆಯುತ್ತ ಅವರೇ ಕಟ್ಟಿದ್ದು. ಕೆಜಿಎಫ್‌ನ ಆರ್ಕೆಸ್ಟ್ರಾದ ಸೆಲ್ವರಾಜ್ ಅದನ್ನು ಕೇಳಿ ಮರುಳಾಗಿ, ನನಗೇ ಮಾರಿಬಿಡಿ ಎಂದ. ವೆಂಕಟರತ್ನಮ್ಮ ಜೀವನದಲ್ಲಿ ಮಾರಿದ್ದೆಲ್ಲ ದನ ಮಾತ್ರ. ದಲ್ಲಾಳಿ ಮುನಿಸ್ವಾಮಪ್ಪನನ್ನು ಕರೆಸಿ, ದನದ ಸಂತೆಯಲ್ಲಿ ಮಾಡುವಂತೆ ಟವೆಲ್ಲಿನಡಿ ಬೆರಳು ಹಿಡಿದು ವ್ಯಾಪಾರ ಮುಗಿಸಿದರು. ಬೆಲೆ, ಎರಡು ಮೂಟೆ ಬೂಸಾ. ಪದವನ್ನು ಅವನ ಮೊಬೈಲಿಗೆ ಹಾಡಿದ್ದಾಯಿತು. ದನ ಮಾರಿದರೆ ಕೊನೆಗೆ ಅದರ ಹಗ್ಗ ಕೈಗಿಡಬೇಕಲ್ಲ? ಬರೀ ಹಗ್ಗವನ್ನೇ ಕೈಗಿಟ್ಟು ಕಳಿಸಿದರು. ಮಾರಿದ ಹಸುವಿನ ಕೆಚ್ಚಲಿಗೆ ಕೈ ಹಾಕಬಾರದೆಂದು ಆಮೇಲೆ ಆ ಪದವನ್ನು ಗುನುಗಲೂ ಇಲ್ಲ.

ಈಗ ಭಾನುವಾರ ಬೂದಿಕೋಟೆಯಲ್ಲೇ ಮೊಮ್ಮಗಳು ಶ್ಯಾಮಲಳ ಮದುವೆ. ಗಂಡಿನವರು ಗೊತ್ತುಮಾಡಿದ್ದು ಸೆಲ್ವರಾಜನನ್ನೇ.

“ನನ್ ಪದ ತಕಂಡು ನಮ್ಗೇ ಒಡೀತಾರಮ್ಮ! ನಮ್ ಯಜಮಾನರ ಒಟ್ಟೆ ನೋಡಿಲ್ಲ ನೀನು. ಅದನ್ನ ನೋಡೇ ಕಟ್ಟಿದ್ದು ಆ ಪದ!”

ಅಂಬಿಕ ಕೃತಿಸ್ವಾಮ್ಯದ ಕಾಯಿದೆ ತೆಗೆದು ಎರಡೆರಡು ಸಲ ಓದಿದಳು.

“ಅಜ್ಜಿ, ಕಟ್ಟಿದವರದೇ ಹಕ್ಕು. ಅದನ್ನ ಇನ್ನೊಬ್ಬರಿಗೆ ವರ್ಗಾಯಿಸಬೇಕಾದ್ರೆ ಬರಹದಲ್ಲಿರಬೇಕು, ನೀವು ಸಹಿ ಮಾಡಿರಬೇಕು. ಬಾಯಿಮಾತು ನಡೆಯಲ್ಲ.”

“ಟವೆಲ್ಲು?”

“ನಡೆಯಲ್ಲ.”

“ಅಗ್ಗ?”

“ಅದೂ ನಡೆಯಲ್ಲ ಅಜ್ಜಿ. ಪದ ಇನ್ನೂ ನಿಮ್ಮದೇ.”

ವೆಂಕಟರತ್ನಮ್ಮನ ಮುಖ ಅರಳಿ ಮತ್ತೆ ಬಾಡಿತು. “ಅವ್ನ ಬೂಸಾ ನಮ್ಮಸು ತಿಂದೈತೆ. ಇವಾಗ ಕಾನೂನು ಏಳಿದ್ರೆ ನಾನು ಕಳ್ಳಿ ಆಗಲ್ವಾ? ನಡಿ, ಅವ್ನತ್ರಾನೇ ಓಗಾನ.”

ಇಬ್ಬರೂ ಕೆಜಿಎಫ್‌ಗೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದರು. ಸೆಲ್ವರಾಜನ ಮನೆಯಲ್ಲಿ ಆ ಹಗ್ಗ ಮುರುಗನ ಪಟದ ಪಕ್ಕ ಕುಂಕುಮ ಹಚ್ಚಿಸಿಕೊಂಡು ನೇತಾಡುತ್ತಿತ್ತು.

“ಎನ್ನಮ್ಮಾ ಇದು! ದಿನಾ ಊದುಬತ್ತಿ ಹಚ್ತೀನಿ, ಈಗ ಬಂದು ಸೈನ್ ಇಲ್ಲ ಅಂತೀರಾ?”

“ಈಗ ಮಾಡ್ತೀನಿ ಬಾರಪ್ಪ. ಬರಿಯಮ್ಮಾ ನೀನು.”

ಯಾವ ಪದ, ಯಾವ ಹಕ್ಕು, ಎಷ್ಟು ಕಾಲ, ಎಲ್ಲೆಲ್ಲಿ ಎಂಬುದನ್ನೆಲ್ಲ ಕಾಗದದಲ್ಲಿ ಹೇಳಬೇಕೆಂದು ಅಂಬಿಕ ವಿವರಿಸಿದಳು. ಕಾಲ ಬರೆಯದಿದ್ದರೆ ಐದು ವರ್ಷ ಎಂದೂ, ಜಾಗ ಬರೆಯದಿದ್ದರೆ ಇಡೀ ಇಂಡಿಯಾ ಎಂದೂ ಲೆಕ್ಕ.

“ಅಯ್ಯೋ, ಬೂದಿಕೋಟೆ ಇಂಡಿಯಾದಾಗೇ ಐತಲ್ಲಮ್ಮ!”

“ಹಾಗಾದ್ರೆ ಬೂದಿಕೋಟೆ ಹೋಬಳಿ ಬಿಟ್ಟು ಅಂತ ಬರೀತೀನಿ.”

“ಪಕ್ಕದ ಕಾಮಸಮುದ್ರ ಹೋಬಳಿ ಬಿಡಲ್ಲ ನಾನು,” ಎಂದ ಸೆಲ್ವರಾಜ್.

“ತಕೋ. ಅದು ನನ್ ತವರು ಕಣಪ್ಪ, ಅಲ್ಲಿ ಯಾರ್ಗೂ ಒಟ್ಟೆನೇ ಇಲ್ಲ.”

ಹಾಗೇ ಬರೆದು ಇಬ್ಬರೂ ಸಹಿ ಹಾಕಿದರು.

ಭಾನುವಾರ ಛತ್ರದಲ್ಲಿ ಗಂಡಿನವರು “ಹೊಟ್ಟೆ ಪದ! ಹೊಟ್ಟೆ ಪದ!” ಎಂದು ಕೂಗಿದರು. ಸೆಲ್ವರಾಜ್ ಮೈಕಿನಲ್ಲಿ ಕೈಮುಗಿದ. “ಹೋಬಳಿ ದಾಟಿ ಬನ್ನಿ ಸಾರ್, ಹಾಡ್ತೀನಿ.” ವೆಂಕಟರತ್ನಮ್ಮ ಸೆರಗು ಸಿಕ್ಕಿಸಿ ಎದ್ದು ನಿಂತು ತಾವೇ ಹೊಟ್ಟೆ ಪದ ಎತ್ತಿದರು. ಆಗಲೇ ಹೊಳೆದದ್ದು, ಗಂಡಿನ ತಂದೆ ಜೋಳದ ಕಡ್ಡಿಯಂತೆ ಬಡಕಲು. ಮೊದಲ ಸಾಲಿಗೇ ಛತ್ರವೆಲ್ಲ ತಿರುಗಿ ನೋಡಿದ್ದು ಹಾಡಿದವರ ಗಂಡ ವೆಂಕಟೇಶಪ್ಪನ ಹೊಟ್ಟೆಯನ್ನು!

“ಏನೇ ರತ್ನಾ, ನಮ್ ಕಡೇನೇ ಒಡೀತಾ ಇದ್ದೀಯಲ್ಲೇ!” ಎಂದು ಆತ ಎಲೆಯ ಮುಂದಿನಿಂದಲೇ ಕೂಗಿದ.

ವೆಂಕಟರತ್ನಮ್ಮ ಉಸಿರೆಳೆದುಕೊಂಡು, ನಿಂತ ನಿಲುವಿನಲ್ಲೇ ಹೊಸದು ಕಟ್ಟಿದರು: ‘ಬೀಗಪ್ಪನ ಪಂಚೆ ಬಂತು, ಒಳಗೆ ಬೀಗಪ್ಪನೇ ಇರಲಿಲ್ಲ!’ ಬೀಗರು ನಕ್ಕು ನಕ್ಕು ಕೆಮ್ಮತೊಡಗಿದರು. ಮದುವೆಗೆ ಬಂದಿದ್ದ ಅಂಬಿಕ ಕೈಯಲ್ಲಿದ್ದ ಪಾಯಸ ಸೀರೆಗೆ ಚೆಲ್ಲಿಕೊಂಡಳು. ಸೆಲ್ವರಾಜ್ ವೇದಿಕೆಯಿಂದಲೇ ಜಿಗಿದು ಬಂದ.

“ಅಮ್ಮಾ, ಇದೂ ನನಗೇ ಬೇಕು!”

“ಇದು ಮಾರಾಟಕ್ಕಿಲ್ಲ, ಓಗಪ್ಪ.”

ವೆಂಕಟರತ್ನಮ್ಮ ಈಗ ಬೆಳಗ್ಗೆ ಡೈರಿಗೆ ಹಾಲು ಹಾಕುತ್ತಾರೆ, ಬೂದಿಕೋಟೆ ಹೋಬಳಿಯ ಮದುವೆಗಳಲ್ಲಿ ಹೆಣ್ಣಿನ ಕಡೆಯಿಂದ ಹಾಡುತ್ತಾರೆ.